ಹರಿಗೋಲಿನಲ್ಲಿ ಕಡಲ ಗಾಳ

ಕೊಪ್ಪಳದಲ್ಲಿ ಗಾಳ ಹಾಕುವವರಿಗೆ ಬರವಿಲ್ಲ. ಆದರೆ ಸಮುದ್ರದ ಮೀನಿಗೆ ಅಂತಲೇ ಮಾಡಿದ ರಾಡು ಹಿಡಿದು ತುಂಗಭದ್ರೆಯ ಹಿನ್ನೀರಿಗೆ ಬರುವವರು ಅಪರೂಪ. ನಮ್ಮ ಆಫೀಸಿಗೆ ವರ್ಗವಾಗಿ ಬಂದ ಅಂಕೋಲಾ ಸರ್ ಅಂಥವರು. ಅವರಿಗೆ ಬೇರೆ ಹೆಸರಿದೆ, ಆದರೆ ಬಂದ ವಾರದಲ್ಲೇ ಎಲ್ಲರ ಬಾಯಲ್ಲೂ ಅಂಕೋಲಾ ಸರ್ ಆಗಿಬಿಟ್ಟರು. ಹಳೆಯ 63ನೇ ನಂಬರಿನ ಹೆದ್ದಾರಿ ಅಂಕೋಲಾದಿಂದ ಹೊರಟು ಹುಬ್ಬಳ್ಳಿ, ಗದಗ ದಾಟಿ ನಮ್ಮೂರ ಮೇಲೇ ಹೋಗುತ್ತಿತ್ತಲ್ಲ, "ಒಂದೇ ರೋಡು ಮಾರಾಯ್ರೆ, ನಾನೇನು ದೂರ ಬಂದಿಲ್ಲ" ಅನ್ನುತ್ತಿದ್ದರು.

ಊಟದ ಹೊತ್ತಿಗೆ ಅವರ ಮಾತೆಲ್ಲ ಮೀನಿನದೇ. ಅವರ ವರ್ಷದ ಲೆಕ್ಕವೇ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ಆ ಕಡಲಿಗೆ ಇವರಂಥ ಹವ್ಯಾಸದವರೂ ದೋಣಿ ಇಳಿಸುವುದಿಲ್ಲ. ಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆ ದಂಡೆಯಲ್ಲೇ ನಿಂತು ಗಾಳ ಎಸೆಯುತ್ತಾರೆ. ಮಳೆ ಮುಗಿದು ಕಡಲು ಸುಮ್ಮನಾದ ಮೇಲೆ ದೋಣಿ ಸವಾರಿ. ಬಂಗುಡೆ ಹಿಂಡು ದಂಡೆ ಹತ್ತಿರ ಬಂದರೆ ಅದರ ಬೆನ್ನಿಗೇ ಇಸ್ವಾಣ ಬರುತ್ತದೆ, ಮಂಗಳೂರಿನವರು ಅಂಜಲ್ ಅನ್ನುವ ಮೀನು. ಅದರ ಹಲ್ಲಿಗೆ ನೈಲಾನ್ ದಾರ ನಿಲ್ಲುವುದಿಲ್ಲ. ಅದಕ್ಕೇ ಗಾಳದ ಹಿಂದೆ ಒಂದು ಗೇಣು ಸ್ಟೀಲ್ ತಂತಿ ಕಟ್ಟುತ್ತಾರೆ. ಕಡಲಲ್ಲಿ ಬೇಟೆಯಾಡುವ ಮೀನಿಗೆ ತಿಂಡಿಯ ವಾಸನೆಗಿಂತ ಓಟ ಮುಖ್ಯ ಅನ್ನುವುದು ಅವರ ವಾದ. ಹೊಳೆಯುವ ತಗಡು ಓಡುತ್ತಿದ್ದರೆ ಸಾಕು, ಹಿಂದೆ ಬಿದ್ದು ಕಚ್ಚುತ್ತದೆ.

ನಮ್ಮ ನೀರಿನಲ್ಲಿ ಅದು ನಡೆಯಲ್ಲ ಅಂತ ನಾನು ಹೇಳಿದೆ. ನಮ್ಮದು ಶೇಂಗಾ ಹಿಂಡಿಯ ಶಾಸ್ತ್ರ. ಹಿಂಡಿ ಪುಡಿಗೆ ಗೋಧಿ ಹಿಟ್ಟು, ಚೂರು ಸೋಂಪು ಕಲಸಿ ಗಟ್ಟಿ ಉಂಡೆ ಮಾಡಿ, ಸಣ್ಣ ಗಾಳಕ್ಕೆ ಮೆತ್ತಿ, ಸುಮ್ನೆ ಕೂರಬೇಕು. ಕಾಟ್ಲಾ ಮೇಲಿನ ನೀರಿನಲ್ಲಿ ತಿನ್ನುತ್ತದೆ, ರೋಹು ನಡುವಿನಲ್ಲಿ, ಮೃಗಾಲ್ ತಳದ ಕೆಸರಿನಲ್ಲಿ. ಬೆಂಡು ಎಷ್ಟು ಮೇಲೆ ಕಟ್ಟಬೇಕು ಅನ್ನುವುದರಲ್ಲೇ ಅರ್ಧ ಜಾಣತನ ಇರುವುದು. ಮುಂಗಾರಿನ ಕೆಂಪು ನೀರು ಬಂದಾಗ ಎರೆಹುಳು. ಮಳೆಗಾಲ ಕಳೆದ ಮೇಲೆ ಎಷ್ಟೋ ವರ್ಷ ನೀರು ಪಾಚಿಗಟ್ಟಿ ಬಣ್ಣ ಕಲಸಿದಷ್ಟು ಹಸಿರಾಗುತ್ತದೆ, ಆಗ ನಾನಂತೂ ಗಾಳ ಮುಟ್ಟುವುದಿಲ್ಲ. ಶಿವರಾತ್ರಿ ಹೊತ್ತಿಗೆ ಕಾಲುವೆಗೆ ಬಿಟ್ಟೂ ಬಿಟ್ಟೂ ನೀರು ಇಳಿದಿರುತ್ತದೆ. ಅದೇ ಒಳ್ಳೆ ಸಮಯ.

ಹಾಗೆ ಫೆಬ್ರವರಿ ಕೊನೆಯ ಒಂದು ಭಾನುವಾರ ಹೊರಟೆವು. ಡ್ಯಾಮಿನ ಕೆಳಗೆ ಹೊಳೆಗೆ ಹೋಗೋಣ ಅಂದರು ಸರ್. ಬೇಡ ಅಂದೆ. ಅಲ್ಲಿಂದ ಕಂಪ್ಲಿವರೆಗಿನ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಅವುಗಳ ಬಾಯಿ ತುತ್ತಿಗೆ ನಾವು ಯಾಕೆ ಕೈ ಹಾಕಬೇಕು? ಹಿನ್ನೀರಿನ ಕಡೆ ಲೈಸೆನ್ಸ್ ಇರುವ ಅಂಬಿಗರ ಕಾಕಾ ಒಬ್ಬರು ನನಗೆ ಪರಿಚಯ. ಅವರ ಹರಿಗೋಲಿನಲ್ಲಿ ಹೋಗುವುದು ಅಂತಾಯಿತು.

ಹರಿಗೋಲು ನೋಡಿ ಸರ್ ಒಂದು ಕ್ಷಣ ನಿಂತರು. ಬಿದಿರಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಡಾಂಬರು. ಅದಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಅವರು ಚೀಲದಿಂದ ಲೈಫ್ ಜಾಕೆಟ್ ತೆಗೆದು ಹಾಕಿಕೊಂಡರು. ಕಾಕಾ ನಕ್ಕರು. ನಗುವ ವಿಷಯ ಅಲ್ಲ ಅದು. ನಮ್ಮ ಕಡೆ ಎಲ್ಲರಿಗೂ ಆ ಅಭ್ಯಾಸ ಬರಬೇಕು.

ನಡುನೀರಿಗೆ ಹೋದ ಮೇಲೆ ಸರ್ 80 ಗ್ರಾಂ ತೂಕದ ಬೆಳ್ಳಿ ಬಣ್ಣದ ಜಿಗ್ ಕಟ್ಟಿದರು, ಅಂದರೆ ಗಾಳ ಸಿಕ್ಕಿಸಿದ ಲೋಹದ ಹುಸಿಮೀನು. ಹತ್ತಾರು ಮಾರು ಆಳದ ಕಡಲಿಗೆ ಮಾಡಿದ್ದು ಅದು. ಎದ್ದು ನಿಲ್ಲಲು ಹೋದಾಗ ಕಾಕಾ ಗದರಿ ಕೂರಿಸಿದರು. ಕೂತೇ ರಾಡನ್ನು ಹಿಂದಕ್ಕೆ ಎಳೆದು ಜೋರಾಗಿ ಬೀಸಿದರು. ಜಿಗ್ ಎತ್ತಲೋ ಹೋಯಿತು, ಹರಿಗೋಲು ಇನ್ನೊಂದು ಕಡೆ ಗರಗರ ತಿರುಗಿತು. ಎಸೆದ ದಿಕ್ಕಿಗೆ ಈಗ ನನ್ನ ಬೆನ್ನು, ಸರ್ ಮುಖ ಗುಡ್ಡದ ಕಡೆ, ದಾರ ಕಾಕಾನ ಕಿವಿ ಸವರಿಕೊಂಡು ಹಾದಿತ್ತು. "ಏನ್ರಿ ಸರ, ಮೀನ್ ಹಿಡಿಯಾಕ ಬಂದೀರೋ, ತಿರಗಣಿ ಆಡಾಕ ಬಂದೀರೋ?"

ಅಲ್ಲಿ ಎರಡಾಳು ನೀರೂ ಇರಲಿಲ್ಲ. ಜಿಗ್ ನೇರ ತಳಕ್ಕಿಳಿದು ಸಿಕ್ಕಿಕೊಂಡಿತು. ಸರ್ ಎಳೆದರು. ಅವರದು ಹೆಣೆದ ದಾರ, ತೆಳ್ಳಗಿದ್ದರೂ ಹರಿಯುವ ಜಾತಿಯಲ್ಲ. ಜಿಗ್ ಬರಲಿಲ್ಲ, ಹರಿಗೋಲೇ ಅದರ ಕಡೆ ಹೊರಟಿತು. "ಅದು ನಮ್ಮಜ್ಜನ ಹೊಲದ ಬದು ಇರಬೇಕ್ರಿ" ಅಂದರು ಕಾಕಾ, ಮಾಮೂಲಿ ದನಿಯಲ್ಲೇ. 1953ರಲ್ಲಿ ಡ್ಯಾಮಿಗೆ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅವರದೂ ಒಂದು. ಅಜ್ಜನ ಹೊಲದ ಮೇಲೆ ಮೊಮ್ಮಗ ಹುಟ್ಟು ಹಾಕುತ್ತಿದ್ದಾನೆ. ಸರ್ ಮಾತಾಡದೆ ಚಾಕು ತೆಗೆದು ದಾರ ಕತ್ತರಿಸಿದರು.

ನನ್ನ ಹಿಂಡಿ ಉಂಡೆಗೆ ಅಷ್ಟರಲ್ಲಿ ರೋಹು ಬೀಳತೊಡಗಿದ್ದವು. ದೊಡ್ಡವೇನಲ್ಲ, ಸಾರಿಗೆ ಸಾಕು. ಅಂಗೈ ಅಗಲದ ಜಿಲೇಬಿ ಮೀನುಗಳೂ ಬಂದವು. ಜಿಲೇಬಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವು ಬರಿ ಗಾಳಕ್ಕೂ ಬೀಳುತ್ತವೆ.

ಸಂಜೆ ಗಾಳಿ ಎದ್ದಿತು. ಗಾಳಿ ಎದ್ದರೆ ನಾವು ಮನೆಗೆ ಹೊರಡುವವರು. ಸರ್ ಮಾತ್ರ ಕಣ್ಣು ಕಿರಿದು ಮಾಡಿ ನೀರು ನೋಡುತ್ತಿದ್ದರು. "ಗಾಳಿ ಹೊಡೀತಿರೋ ದಂಡೆಗೆ ಹೋಗೋಣ. ಚಿಕ್ಕ ಮೀನೆಲ್ಲ ಅಲ್ಲಿ ದೂಡಿಕೊಂಡು ಬಂದಿರ್ತವೆ. ಅವುಗಳ ಹಿಂದೆ ಯಾರಾದ್ರೂ ಇರಲೇಬೇಕು." ನನಗೆ ನಂಬಿಕೆ ಇರಲಿಲ್ಲ. ಕಾಕಾ ಒಪ್ಪಿದರು, ಹೇಗೂ ದಂಡೆಗೆ ಹೋಗುವುದೇ ಆಗಿತ್ತಲ್ಲ. ಸರ್ ದೊಡ್ಡ ರಾಡು ಬದಿಗಿಟ್ಟು ಸಣ್ಣದು ತೆಗೆದರು. ಚಮಚದ ಹಾಗೆ ಬಾಗಿದ ಹೊಳೆಯುವ ತಗಡು, ಚಿಕ್ಕ ಸ್ಪೂನ್ ಕಟ್ಟಿದರು, ಆದರೆ ಸ್ಟೀಲ್ ತಂತಿ ಬಿಡಲಿಲ್ಲ. ಈ ಸಲ ಮಣಿಕಟ್ಟಿನಿಂದಷ್ಟೇ ಚಿಮ್ಮಿದರು. ಕಾಕಾ ಹುಟ್ಟನ್ನು ನೀರಿಗೆ ಚುಚ್ಚಿ ಹಿಡಿದಿದ್ದರಿಂದ ಹರಿಗೋಲು ತಿರುಗಲಿಲ್ಲ.

ಜಾಲಿ ಬೊಡ್ಡೆಗಳ ಹತ್ತಿರ ಸ್ಪೂನ್ ಹಾಯುವಾಗ ನೀರು ಒಡೆಯಿತು. ರಾಡು ಬಿಲ್ಲಾಯಿತು, ರೀಲು ಕಿರ್ರೆಂದಿತು. ನಮ್ಮನ್ನೂ ಹರಿಗೋಲನ್ನೂ ಸ್ವಲ್ಪ ದೂರ ಎಳೆದುಕೊಂಡೇ ಹೋಯಿತು. ಮೇಲೆ ಬಂದದ್ದು ಬಾಳೆ ಮೀನು, ಮೂರು ಕಿಲೋ ಮೀರಿತ್ತು. ಮೈಮೇಲೆ ಒಂದು ಪರೆ ಇಲ್ಲ, ಕಣ್ಣಿನಾಚೆಗೂ ಸೀಳಿದ ಬಾಯಿ, ಒಳಗೆ ಒತ್ತಾಗಿ ಸಣ್ಣ ಹಲ್ಲು. ಲೋಳೆಗೆ ಕೈಯಲ್ಲಿ ನಿಲ್ಲದೆ ಕಾಕಾ ಟವೆಲ್ ಸುತ್ತಿ ಕಿವಿರಿನ ಕೆಳಗೆ ಅವುಚಿ ಒಳಗೆಳೆದರು. ತಂತಿಯ ಮೇಲೆ ಹಲ್ಲು ಉಜ್ಜಿದ ಗೆರೆಗಳಿದ್ದವು. ಸರ್ ಅದನ್ನು ನನಗೆ ತೋರಿಸಿದರು, ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿ ಇತ್ತು.

ರೋಹು ನಮ್ಮ ಮನೆಯಲ್ಲಿ ಹುಣಸೆಹುಳಿಯ ಸಾರಾಯಿತು, ಬಾಳೆ ಅವರ ಮನೆಯಲ್ಲಿ ತೆಂಗಿನಕಾಯಿ ಅರೆದ ಸಾರಾಯಿತು. ಎರಡಕ್ಕೂ ಜೋಳದ ರೊಟ್ಟಿ ಹೊಂದುತ್ತದೆ ಅಂತ ಸರ್ ಒಪ್ಪಿಕೊಂಡರು.

ದಸರಾ ಕಳೆದ ಮೇಲೆ ಅಂಕೋಲಾಕ್ಕೆ ಬನ್ನಿ ಅಂತ ಕರೆದಿದ್ದಾರೆ. ದೋಣಿ ಅವರ ಗೆಳೆಯರದು. ನಾನೂ ಒಂದು ಸುತ್ತು ಸ್ಟೀಲ್ ತಂತಿ ತರಿಸಿಟ್ಟಿದ್ದೇನೆ. ಶೇಂಗಾ ಹಿಂಡಿ ಮನೆಯಲ್ಲೇ ಬಿಟ್ಟು ಬರಬೇಕಂತೆ, ಅಲ್ಲಿ ಸಿಗಡಿ ತುಂಡೇ ಆಗಬೇಕಂತೆ. ಮತ್ತೆ ದೋಣಿ ಹತ್ತುವ ಮೊದಲು ವಾಂತಿ ಮಾತ್ರೆ ನುಂಗಬೇಕಂತೆ. ಹರಿಗೋಲಿನಲ್ಲಿ ತಿರುಗಿದ ಅಭ್ಯಾಸ ಸಾಲದಾ ಅಂತ ಕೇಳಿದೆ. "ನೀವು ಎರಡು ಮಾತ್ರೆ ತನ್ನಿ" ಅಂದರು.