ಅಮ್ಮನಿಗೆ ಸಿಕ್ಕ ಸೊನ್ನೆ

"ಕೈ ಇರುವಾಗ ಅದನ್ನು ಕಟ್ಟಿಕೊಂಡು ಯಾಕಮ್ಮ ಏಳಬೇಕು?" ಅಂತ ಅಮ್ಮ ಕೇಳಿದಾಗ ಫಿಸಿಯೋಥೆರಪಿಸ್ಟ್ ಹುಡುಗಿ ನಕ್ಕಳು. ಆದರೆ ಬಿಡಲಿಲ್ಲ. ಮಂಗಳವಾರದಿಂದ ಈ ಮಾತು ನನ್ನ ತಲೆಯಲ್ಲೇ ಸುತ್ತುತ್ತಿದೆ.

ಕಾಲಿನ ಬಲ ನೋಡುವ ಪರೀಕ್ಷೆ ಅದು, ನೋಡಲು ಸುಲಭ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಕುರ್ಚಿಯಿಂದ ಪೂರ್ತಿ ಎದ್ದು ನಿಲ್ಲಬೇಕು, ಮತ್ತೆ ಕೂರಬೇಕು. 30 ಸೆಕೆಂಡಿನಲ್ಲಿ ಎಷ್ಟು ಸಲ ಅಂತ ಎಣಿಸುತ್ತಾರೆ. 70ರಿಂದ 74ರ ವಯಸ್ಸಿನ ಹೆಂಗಸರು 10 ಸಲವಾದರೂ ಏಳಬೇಕು, ಗಂಡಸರು 12. ಅದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಜಾಸ್ತಿ. ಕೈ ಊರಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಅಂಕ ಸೊನ್ನೆ.

ಅಮ್ಮನಿಗೆ 72. ಮುಂದಕ್ಕೆ ಬಾಗಿದಳು, ಏಳಲಾಗಲಿಲ್ಲ. ಮತ್ತೆ ಬಾಗಿದಳು. ಕೊನೆಗೆ ಕೈ ತಾನಾಗಿಯೇ ಬಿಚ್ಚಿಕೊಂಡು ಮೊಣಕಾಲಿನ ಮೇಲೆ ಹೋಯಿತು. ಹುಡುಗಿ ಹಾಳೆಯಲ್ಲಿ ಸೊನ್ನೆ ಬರೆದಳು. ನಿವೃತ್ತ ಗಣಿತದ ಟೀಚರ್ ನಮ್ಮಮ್ಮ. ಎಷ್ಟು ಮಕ್ಕಳಿಗೆ ಸೊನ್ನೆ ಸುತ್ತಿದ್ದಾಳೋ! ಹಾಳೆಯನ್ನೇ ನೋಡುತ್ತಾ, "ದಿನಾ ವಾಕಿಂಗ್ ಮಾಡ್ತೀನಲ್ಲ, ಅದಕ್ಕೆ ಅಂಕ ಇಲ್ವಾ?" ಅಂದಳು.

ಇಲ್ಲವಂತೆ. ವಾಕಿಂಗ್ ಹೃದಯಕ್ಕೆ ಒಳ್ಳೆಯದು. ಆದರೆ ಮೈಭಾರವನ್ನೆಲ್ಲ ಮೇಲಕ್ಕೆತ್ತುವ ಬಲ ತೊಡೆಗೆ ಅದರಿಂದ ಸಾಕಷ್ಟು ಬರುವುದಿಲ್ಲ. 30 ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗುತ್ತಾ ಹೋಗುತ್ತದೆ, 60ರ ನಂತರ ಇನ್ನೂ ಬೇಗ. ಅದರಲ್ಲೂ ಥಟ್ಟನೆ ಏಳಲು, ಎಡವಿದಾಗ ಸಾವರಿಸಿಕೊಳ್ಳಲು ಬೇಕಾದ ಎಳೆಗಳೇ ಹೆಚ್ಚು ಸೊರಗುತ್ತವೆ. 65 ದಾಟಿದವರು ನಡಿಗೆಯ ಜೊತೆಗೆ ವಾರಕ್ಕೆ ಮೂರು ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ಇಲ್ಲಿ ಅಣ್ಣನ ಬಗ್ಗೆ ಒಂದು ಮಾತು ಹೇಳಲೇಬೇಕು. ತುಂಬಾ ಒಳ್ಳೆಯವನು, ಅದೇ ತೊಂದರೆ. ಅಮ್ಮ ಏಳಲು ಹೊರಟರೆ ಸಾಕು, "ನೀನು ಕೂತ್ಕೋ ಅಮ್ಮ" ಅಂತ ಓಡಿ ಬರುತ್ತಾನೆ. ನೀರು ಕೈಗೇ ಬರುತ್ತದೆ. ಬಾಗಿಲು ಬೇರೆಯವರು ತೆಗೆಯುತ್ತಾರೆ. ಕೆಳಗಿನ ಕಪಾಟಿನ ಸಾಮಾನು ಮೇಲೆ ಬಂತು, ಮೇಲಿನದು ಕೆಳಗೆ ಬಂತು. ಹೋದ ವರ್ಷ ಒಂದು ದೊಡ್ಡ ಮೆತ್ತನೆ ಕುರ್ಚಿ ತಂದ. ಕೂತರೆ ಸೊಂಟದವರೆಗೂ ಹುದುಗಿಹೋಗುತ್ತೇವೆ. ಅದರಿಂದ ಏಳಬೇಕಾದರೆ ನನಗೇ ಕೈ ಬೇಕು. ಹಿರಿಯರು ಕೂತೇ ಇರಬೇಕು, ಅದೇ ಅವರಿಗೆ ಕೊಡುವ ಮರ್ಯಾದೆ ಅಂತ ನಾವು ಯಾವಾಗ ತೀರ್ಮಾನಿಸಿದೆವೋ! ಅಮ್ಮನ ತೊಡೆಯ ಬಲವನ್ನು ವಯಸ್ಸು ಅರ್ಧ ತಿಂದಿರಬಹುದು. ಉಳಿದದ್ದನ್ನು ನಮ್ಮ ಉಪಚಾರ ತಿಂದಿದೆ.

ಹಾಗಂತ ಎಲ್ಲ ಮುಗಿದುಹೋಗಿಲ್ಲ. 1990ರಲ್ಲಿ ಅಮೆರಿಕದಲ್ಲಿ ವೃದ್ಧಾಶ್ರಮವೊಂದರ 10 ಜನರಿಗೆ 8 ವಾರ ಕಾಲಿನಿಂದ ಭಾರ ಎತ್ತಿಸಿ ನೋಡಿದ್ದರು. ಎಲ್ಲರೂ 90ರ ಆಸುಪಾಸಿನವರು. ಪೂರ್ತಿ ಮುಗಿಸಿದ 9 ಜನರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ಇದನ್ನು ಓದಿ ಹೇಳಿದಾಗ ಅಮ್ಮ ಮೊದಲು ಕೇಳಿದ್ದು, "ಆ ಹತ್ತನೆಯವರಿಗೆ ಏನಾಯ್ತು?"

ಈಗ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಮೇಲೆ ಗಟ್ಟಿ ದಿಂಬು ಹಾಕಿ ಶುರು ಮಾಡಿದ್ದೇವೆ. ಎತ್ತರದಿಂದ ಏಳುವುದು ಸುಲಭ, ಬಲ ಬಂದ ಹಾಗೆ ದಿಂಬು ತೆಗೆಯಬೇಕು. ಸಮಯ ಮುಗಿಯುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಎದ್ದಿದ್ದರೆ ಅದನ್ನೂ ಎಣಿಸುತ್ತಾರೆ ಅನ್ನೋ ನಿಯಮ ಅಮ್ಮನಿಗೆ ಬಹಳ ಹಿಡಿಸಿದೆ. ಪ್ರತಿ ಅರ್ಧಕ್ಕೂ ಅಂಕ ಕೇಳುತ್ತಾಳೆ.

ನಿನ್ನೆ ಸಂಜೆ ಅಣ್ಣ ಇದನ್ನೆಲ್ಲ ನೋಡಿ, "ಈ ವಯಸ್ಸಲ್ಲಿ ಅವಳಿಗೆ ಯಾಕೆ ಈ ಶಿಕ್ಷೆ?" ಅಂದ. ಹಾಗಾದರೆ ಆ ಮೆತ್ತನೆ ಕುರ್ಚಿಯಲ್ಲಿ ನೀನೇ ಕೂತ್ಕೋ ಅಂದೆ. ಮಾತು ಬಿಟ್ಟಿದ್ದಾನೆ. ಬಿಡಲಿ.