ಒಣಸೀಮೆಯ ರಸ್ತೆಬದಿ: ಭರಣಿ ಮಳೆಯವರೆಗಿನ ಕೆಲಸ

ಮಂಡ್ಯ ಅಂದರೆ ಕಬ್ಬು, ಭತ್ತ, ನಾಲೆ. ಫೋಟೊಗಳಲ್ಲಿ ಬರುವುದೂ ಅದೇ. ನಾಗಮಂಗಲದ ಕಡೆ ತಿರುಗಿದರೆ ರಾಗಿ, ಹುರುಳಿ, ಬಂಡೆ, ಕೆಮ್ಮಣ್ಣು. ನಾನು ಫೋಟೊ ತೆಗೆಯುವುದು ಈ ಕಡೆ. ಪಾಂಡವಪುರ ದಾಟಿ ನಾಗಮಂಗಲಕ್ಕೆ ಹೋಗುವ ರಸ್ತೆ, ಅದರಿಂದ ಒಡೆಯುವ ಹಳ್ಳಿ ದಾರಿಗಳು. ಬಣ್ಣ ಹೋದ ಗೋಡೆ ಜಾಹೀರಾತು, ಮೈಲಿಗಲ್ಲು, ಪಾಳುಬಿದ್ದ ಬಸ್ ತಂಗುದಾಣ, ವೀರಗಲ್ಲು. ಯಾರೂ ಗಾಡಿ ನಿಲ್ಲಿಸದ ಜಾಗಗಳು.

ಈ ಬೇಸಿಗೆಯಲ್ಲಿ ಗೋಡೆಗಳಿಗೇ ಜಾಸ್ತಿ ಹೊತ್ತು ಹೋಯಿತು. ಗೋಡೆ ಬರಹದಲ್ಲಿ ಕೆಂಪು, ಹಳದಿ ಬಿಸಿಲಿಗೆ ಬೇಗ ಹೋಗುತ್ತವೆ. ಕಪ್ಪು ಉಳಿಯುತ್ತದೆ, ಅದು ಇಂಗಾಲ. ಕಾವಿ ಬಣ್ಣವೂ ಗಟ್ಟಿ, ಅದರಲ್ಲಿರುವುದು ಕಬ್ಬಿಣದ ಆಕ್ಸೈಡ್. ಹಾಗಾಗಿ ಎಷ್ಟೋ ಕಡೆ ಅಕ್ಷರದ ಮೈ ಅಳಿಸಿ ಕಪ್ಪು ಅಂಚು ಮಾತ್ರ ನಿಂತಿದೆ. ಮಟಮಟ ಮಧ್ಯಾಹ್ನ ಅದೂ ಕಾಣಿಸುವುದಿಲ್ಲ. ಮೋಡ ಮುಸುಕಿದಾಗ ಪರವಾಗಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಮಳೆ ಹನಿದ ಮೇಲೆ. ಒದ್ದೆ ಗೋಡೆಯಲ್ಲಿ ಹಳೇ ಬಣ್ಣ ಗಾಢವಾಗುತ್ತದೆ, ಸುಣ್ಣದಡಿ ಮುಚ್ಚಿಹೋದ ಅಕ್ಷರವೂ ಒಮ್ಮೊಮ್ಮೆ ಮೇಲೇಳುತ್ತದೆ. ಬಾಟಲಿಯ ನೀರು ಎರಚಲು ನನಗೆ ಇಷ್ಟವಿಲ್ಲ. ಭರಣಿ ಮಳೆಗೆ ಕಾದೆ. ಬಂತು, ಒಂದು ಬೀಡಿ ಜಾಹೀರಾತು ಪೂರ್ತಿ ಓದಲು ಸಿಕ್ಕಿತು.

ಮೈಲಿಗಲ್ಲುಗಳಲ್ಲೂ ಬಣ್ಣದ ಕಥೆಯೇ. ಈ ರಸ್ತೆ ಮೊದಲು ರಾಜ್ಯ ಹೆದ್ದಾರಿ 19, ಈಗ ರಾಷ್ಟ್ರೀಯ ಹೆದ್ದಾರಿ 150ಎ. ರಾಜ್ಯ ಹೆದ್ದಾರಿ ಕಲ್ಲಿನ ತಲೆಗೆ ಹಸಿರು, ರಾಷ್ಟ್ರೀಯ ಹೆದ್ದಾರಿಯದಕ್ಕೆ ಹಳದಿ. ಒಂದು ಕಲ್ಲಿನಲ್ಲಿ ಹಳದಿ ಎದ್ದುಹೋಗಿ ಹಸಿರು ಇಣುಕುತ್ತಿತ್ತು.

ವೀರಗಲ್ಲಿಗೆ ಓರೆ ಬಿಸಿಲೇ ಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ವೀರ. ಸವೆದ ಕಲ್ಲಿನಲ್ಲಿ ಇದು ಕಾಣುವುದು ಬೆಳಗಿನ ಮೊದಲ ಬಿಸಿಲಲ್ಲಿ ಮಾತ್ರ. ಮರದ ನೆರಳಿದ್ದರೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿಯುತ್ತೇನೆ. ಸೀಮೆಸುಣ್ಣ ಬಳಿಯುವುದು ಬೇಡವೇ ಬೇಡ, ಕಲ್ಲಿಗೆ ಕೇಡು. ಕಾಳಿ ಎಂಬ ನಾಯಿಯ ನೆನಪಿಗೆ 10ನೇ ಶತಮಾನದಲ್ಲಿ ನಿಲ್ಲಿಸಿದ ಆತಕೂರಿನ ಕಲ್ಲು ಇದೇ ಜಿಲ್ಲೆಯ ಮದ್ದೂರು ತಾಲ್ಲೂಕಿನದು. ಅದೀಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಹೆಸರಿಲ್ಲದ ಉಳಿದ ಕಲ್ಲುಗಳು ಬೇಲಿ ಪಕ್ಕದಲ್ಲೇ ಇವೆ.

ಹೊರೆಗಲ್ಲು ಹುಡುಕುವುದು ಕಷ್ಟ. ನಿಂತ ಎರಡು ಕಲ್ಲು, ಮೇಲೊಂದು ಅಡ್ಡ ಚಪ್ಪಡಿ, ಅಷ್ಟೆ. ಒಂದರ ಮುಂದೆ ಸ್ಟ್ಯಾಂಡ್ ಹೂಡುತ್ತಿದ್ದಾಗ ಕುರಿ ಹೊಡೆದುಕೊಂಡು ಬಂದ ಅಜ್ಜಿ ನಿಂತರು. "ಸಂತೆಗೆ ಹೋಗೋವಾಗ ಇಲ್ಲೇ ಹೊರೆ ಇಳಿಸ್ತಿದ್ದೋ ಕಣಪ್ಪ. ಯಾರೂ ಎತ್ತಿಕೊಡೋದು ಬ್ಯಾಡ, ತಲೆ ಒಡ್ಡುದ್ರೆ ಆಯ್ತು" ಅಂದರು. ಚಪ್ಪಡಿ ಏಕೆ ಅಷ್ಟು ಎತ್ತರಕ್ಕಿದೆ ಎಂದು ಆಗ ಸರಿಯಾಗಿ ಹೊಳೆಯಿತು. ಹತ್ತಿರದಿಂದ ತೆಗೆಯುವ ಯೋಚನೆ ಬಿಟ್ಟೆ. ಹಿಂದೆ ಸರಿದು, ಅಜ್ಜಿಯನ್ನು ಕೇಳಿಕೊಂಡು, ಪಕ್ಕದಲ್ಲಿ ನಿಲ್ಲಿಸಿ ತೆಗೆದೆ. ಕಲ್ಲಿನ ಎತ್ತರ ತಿಳಿಯುವುದು ಮನುಷ್ಯರು ಪಕ್ಕದಲ್ಲಿದ್ದಾಗಲೇ, ಅಲ್ವಾ?

ಕಂಪ್ಯೂಟರಿನಲ್ಲಿ ಬಣ್ಣ ಏರಿಸುತ್ತಿಲ್ಲ. ಮಾಸಿದ್ದು ಮಾಸಿದಂತೆಯೇ ಕಾಣಬೇಕು, ಅದು ಅಲ್ಲಿ ಕಳೆದ ಕಾಲದ ಗುರುತು. ಪ್ರತಿ ಚಿತ್ರದ ಜೊತೆ ಊರು, ತಾರೀಖು, ಕಲ್ಲು ಮುಖ ಮಾಡಿದ ದಿಕ್ಕು ಬರೆಯುತ್ತಿದ್ದೇನೆ. ರಸ್ತೆ ಅಗಲವಾದರೆ ಯಾವುದು ಎಲ್ಲಿತ್ತು ಎಂದಾದರೂ ಗೊತ್ತಾಗಲಿ.

ಮುಂದಿನ ಸರದಿ ಕಂಬದಹಳ್ಳಿ ಕಡೆ. ಅಲ್ಲಿನ ಬಸದಿಗೆ ಜನ ಬರುತ್ತಾರೆ, ದಾರಿಯ ಕಲ್ಲುಗಳನ್ನು ನೋಡುವವರು ಕಡಿಮೆ. ಆ ಕಡೆಯವರು ಯಾರಾದರೂ ಹೊರೆಗಲ್ಲು ಕಂಡಿದ್ದರೆ ಜಾಗ ತಿಳಿಸಿ, ಬಂದು ತೆಗೆಯುತ್ತೇನೆ.