ನಾಣ್ಯದ ದರ ಇರುವುದು ಅಂಚಿನಲ್ಲಿ

ರಾತ್ರಿ ಎಂಟೂವರೆಗೆ ನನ್ನ ಕೆಲಸ ಶುರು. ಬೇಸಿಗೆಯ ತಿಂಗಳುಗಳಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಆಗ ಬೆಳಗಿನ ಎಂಟು ಗಂಟೆ. ಅಲ್ಲಿನ ಗಿರಾಕಿಗಳು ಕಳಿಸುವ ಪೆನ್ಸಿಲ್ ಚಿತ್ರಗಳನ್ನು ಅಚ್ಚಿಗೆ ಒಗ್ಗುವಂತೆ ತಿದ್ದಿ ಬರೆಯುವುದು, ಒಂದೊಂದು ನಾಣ್ಯಕ್ಕೆ ಎಷ್ಟು ಬೀಳುತ್ತದೆ ಎಂದು ಎಸ್ಟಿಮೇಟ್ ಹಾಕುವುದು ನನ್ನ ಕೆಲಸ. ಕೂರುವುದು ಬೆಂಗಳೂರಿನ ರಾಜಾಜಿನಗರದ ಒಂದು ಸಣ್ಣ ಆಫೀಸಿನಲ್ಲಿ. ನಾಣ್ಯ ತಯಾರಾಗುವುದು ಚೀನಾದ ಗುವಾಂಗ್‌ಡಾಂಗ್‌ನಲ್ಲಿ.

ಇವು ಖರ್ಚಿಗೆ ಬರುವ ನಾಣ್ಯಗಳಲ್ಲ, ಜಿಯೋಕಾಯಿನ್‌ಗಳು. 2000ದ ಮೇ 2ರಂದು ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತದಲ್ಲಿ ತಾನೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಜನಸಾಮಾನ್ಯರ ಕೈಯಲ್ಲಿದ್ದ ಯಂತ್ರಗಳು ರಾತ್ರೋರಾತ್ರಿ ಹತ್ತು ಪಟ್ಟು ನಿಖರವಾದವು. ಮಾರನೆಯ ದಿನವೇ ಡೇವ್ ಅಲ್ಮರ್ ಎಂಬವರು ಒರೆಗಾನ್‌ನ ಬೀವರ್‌ಕ್ರೀಕ್ ಹತ್ತಿರ ಕಾಡಿನಂಚಿನಲ್ಲಿ ಒಂದು ಬಕೆಟ್ ಹೂತಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಹಾಕಿದರು. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಒಂದು ವಸ್ತು ತೆಗೆದುಕೊಂಡು ಇನ್ನೊಂದನ್ನು ಇಟ್ಟು ಬರಬೇಕು. ಜಿಯೋಕ್ಯಾಶಿಂಗ್ ಹುಟ್ಟಿದ್ದು ಹಾಗೆ. 2001ರಲ್ಲಿ ಜಾನ್ ಸ್ಟ್ಯಾನ್ಲಿ ಎಂಬವರು ಇಂಥ ಪೆಟ್ಟಿಗೆಗಳಲ್ಲಿ ಇಡಲೆಂದೇ ತಮ್ಮ ನಾಣ್ಯ ಮಾಡಿಸಿದರು. ಈಗ ಊರೂರಿನ ಗುಂಪುಗಳು ಮಾಡಿಸುತ್ತವೆ. ಪ್ರತಿ ನಾಣ್ಯದ ಮೇಲೂ ಬೇರೆ ಬೇರೆ ಟ್ರ್ಯಾಕಿಂಗ್ ಕೋಡ್ ಇರುತ್ತದೆ. ಸಿಕ್ಕವರು ಅದನ್ನು ಮುಂದಿನ ಪೆಟ್ಟಿಗೆಗೆ ಸಾಗಿಸಿ ದಾಖಲಿಸಿದರೆ ನಾಣ್ಯ ಎಲ್ಲೆಲ್ಲಿ ತಿರುಗಿತು ಎಂಬುದು ಮಾಡಿಸಿದವರಿಗೆ ಕಾಣುತ್ತದೆ. ಕೈಯಿಂದ ಕೈಗೆ, ಊರಿಂದ ಊರಿಗೆ ಹೋಗುವ ಈ ಪುಟ್ಟ ಲೋಹದ ಬಿಲ್ಲೆಗಳ ಮೇಲೆ ನನಗೆ ನಿಜವಾದ ಪ್ರೀತಿ ಇದೆ. ಆದ್ದರಿಂದಲೇ ಈ ತಪ್ಪು ನನ್ನನ್ನು ಬಹಳ ದಿನ ಕಾಡಿತು.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒರೆಗಾನ್‌ನ ಒಂದು ಗುಂಪಿನ ಪರವಾಗಿ ನಿವೃತ್ತ ಶಿಕ್ಷಕಿಯೊಬ್ಬರು 250 ನಾಣ್ಯ ಕೇಳಿದರು. ಆಕಾರ ಬಿಗ್‌ಲೀಫ್ ಮೇಪಲ್ ಎಲೆಯದು. ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳ ಮರ ಅದು; ಮೇಪಲ್ ಜಾತಿಯಲ್ಲೆಲ್ಲ ದೊಡ್ಡ ಎಲೆ ಅದರದ್ದೇ. ಬೆರಳುಗಳಂತೆ ಚಾಚಿದ ಐದು ಹಾಲೆ, ಹಾಲೆಗಳ ನಡುವೆ ಆಳವಾದ ಸೀಳು, ಕೆಳಗೆ ಉದ್ದನೆಯ ತೊಟ್ಟು. ಅಳತೆ 44 ಮಿ.ಮೀ., ದಪ್ಪ 3 ಮಿ.ಮೀ. ಹಿತ್ತಾಳೆಯಲ್ಲೇ ಒತ್ತಿಸಬೇಕು ಎಂಬ ಆಸೆ.

ಎಸ್ಟಿಮೇಟ್ ಕೇಳುವಾಗ ಅವರು ಒಂದು ಮಾತು ಬರೆದಿದ್ದರು: ದುಂಡು ನಾಣ್ಯಕ್ಕಿಂತ ಎಲೆಯಲ್ಲಿ ಲೋಹ ಕಡಿಮೆ, ದರವೂ ಕಡಿಮೆ ಆಗಬೇಕಲ್ಲವೇ? ನನಗೂ ಸರಿಯೆನಿಸಿತು. 44 ಮಿ.ಮೀ. ದುಂಡು ಹಿತ್ತಾಳೆ ಬಿಲ್ಲೆ 3 ಮಿ.ಮೀ. ದಪ್ಪಕ್ಕೆ ಸುಮಾರು 39 ಗ್ರಾಂ ತೂಗುತ್ತದೆ. ಅದೇ ವೃತ್ತದೊಳಗೆ ಕೂರುವ ಎಲೆ ಅರ್ಧಕ್ಕಿಂತ ತುಸು ಹೆಚ್ಚು. ಕಡಿಮೆ ಮಾಡಲಾಗದಿದ್ದರೂ ತೀರಾ ಹೆಚ್ಚಿಗೆ ಕೇಳುವುದೇಕೆ ಎಂದುಕೊಂಡು, ದುಂಡು ನಾಣ್ಯದ ದರಕ್ಕೆ ಚೂರು ಸೇರಿಸಿ, ಕೋಡಿನ ದುಡ್ಡು ಬಿಟ್ಟು ನಾಣ್ಯಕ್ಕೆ 4.25 ಡಾಲರ್ ಎಂದು ಕೊಟೇಶನ್ ಕಳಿಸಿಬಿಟ್ಟೆ. ಕಾರ್ಖಾನೆಗೆ ಡ್ರಾಯಿಂಗ್ ಕಳಿಸಿ ಅವರ ದರ ಕೇಳುವ ಮೊದಲೇ. ಆಕೆ ಸದಸ್ಯರಿಂದ ಅದೇ ಲೆಕ್ಕದಲ್ಲಿ ದುಡ್ಡು ಎತ್ತಿಬಿಟ್ಟರು.

ಕಾರ್ಖಾನೆಯ ಲೆಕ್ಕ ಹನ್ನೊಂದನೇ ದಿನ ಬಂತು: 5.90. ನಾಣ್ಯಕ್ಕೆ 1.65 ಡಾಲರ್ ಖೋತಾ. 250ಕ್ಕೆ 412 ಡಾಲರ್ 50 ಸೆಂಟ್.

ನಾನು ಓದಿದ್ದು ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ, ಅಂದರೆ ಲೋಹ ಒತ್ತುವ, ಕತ್ತರಿಸುವ ಅಚ್ಚುಗಳನ್ನು ಮಾಡುವ ವಿದ್ಯೆ. ಈ ಕೆಲಸಕ್ಕೆ ಬರುವ ಮೊದಲು ಪೀಣ್ಯದಲ್ಲಿ ಲೋಹದ ತಗಡು ಕತ್ತರಿಸುವ ಒಂದು ಪ್ರೆಸ್ ಶಾಪ್‌ನಲ್ಲಿ ಒಂದೂವರೆ ವರ್ಷ ಇದ್ದೆ. ಅಲ್ಲಿನ ಫೋರ್‌ಮನ್ ಹೊಸ ಡ್ರಾಯಿಂಗ್ ಬಂದ ಕೂಡಲೇ ಜೇಬಿನಿಂದ ಹೊಲಿಗೆ ನೂಲು ತೆಗೆದು ಚಿತ್ರದ ಅಂಚಿನುದ್ದಕ್ಕೂ ಕೂರಿಸುತ್ತ ಹೋಗುತ್ತಿದ್ದರು. ಸುತ್ತು ಮುಗಿದ ಮೇಲೆ ನೂಲನ್ನು ಸ್ಕೇಲಿನ ಮೇಲೆ ಎಳೆದು ಅಳೆಯುತ್ತಿದ್ದರು. "ನೋಡಮ್ಮ, ಪ್ರೆಸ್ಸಿಗೆ ತೂಕ ಗೊತ್ತಾಗಲ್ಲ, ಸುತ್ತಳತೆ ಗೊತ್ತಾಗತ್ತೆ" ಅನ್ನೋರು. ಪಠ್ಯದಲ್ಲಿ ನಾನೂ ಬಾಯಿಪಾಠ ಮಾಡಿದ್ದೆ: ಕತ್ತರಿಸಲು ಬೇಕಾದ ಬಲ ಎಂದರೆ ಸುತ್ತಳತೆ, ದಪ್ಪ, ಲೋಹದ ಶಿಯರ್ ಸ್ಟ್ರೆಂತ್ (ಕತ್ತರಿಸುವಾಗ ಲೋಹ ಒಡ್ಡುವ ತಡೆ), ಈ ಮೂರರ ಗುಣಲಬ್ಧ. ವಿಸ್ತೀರ್ಣ ಆ ಸೂತ್ರದೊಳಗೆ ಇಲ್ಲವೇ ಇಲ್ಲ. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದವಳು ಮೇಜಿನ ಮೇಲೆ ಎಲೆ ಬಂದಾಗ ಮರೆತಿದ್ದೆ.

ಅಂದು ರಾತ್ರಿ ಎಲೆಯ ಚಿತ್ರವನ್ನು ಐದು ಪಟ್ಟು ದೊಡ್ಡದಾಗಿ ಪ್ರಿಂಟ್ ತೆಗೆದು ನೂಲು ಹಿಡಿದೆ. ಐದರಿಂದ ಭಾಗಿಸಿದಾಗ 290 ಮಿ.ಮೀ. ಬಂತು. 44 ಮಿ.ಮೀ. ವೃತ್ತದ ಸುತ್ತಳತೆ 138. ಎರಡು ಪಟ್ಟಿಗೂ ಹೆಚ್ಚು.

ಆಮೇಲೆ ಕಾರ್ಖಾನೆಯ ಹಾಳೆಯನ್ನು ಒಂದೊಂದೇ ಸಾಲಾಗಿ ಓದಿದೆ. ಎಲ್ಲ ಅರ್ಥವಾಗತೊಡಗಿತು. ದುಂಡು ನಾಣ್ಯಕ್ಕೆ ಬಿಲ್ಲೆ ಕತ್ತರಿಸುವ ಪಂಚ್ ಅವರ ಬಳಿ ಎಲ್ಲ ಅಳತೆಯಲ್ಲೂ ಸಿದ್ಧವಿರುತ್ತದೆ. ಮುಂಭಾಗಕ್ಕೊಂದು ಹಿಂಭಾಗಕ್ಕೊಂದು ಚಿತ್ರದ ಅಚ್ಚು ಕೊರೆದರೆ ಸಾಕು. ಎಲೆಗೆ ಹಾಗಲ್ಲ. ಚಿತ್ರ ಒತ್ತಿದ ಮೇಲೆ ಅಂಚನ್ನು ಕತ್ತರಿಸಲು ಎಲೆಯದೇ ಆಕಾರದ ಪಂಚ್ ಮತ್ತು ಅದು ಇಳಿಯುವ ಡೈ ಬೇರೆ ಮಾಡಬೇಕು. ಸ್ಟೀಲನ್ನು ಹಾರ್ಡನಿಂಗ್ ಮಾಡಿಸಿ, ತಂತಿಯ ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ವೈರ್ ಕಟ್ ಯಂತ್ರದಲ್ಲಿ ಕೊರೆಯಬೇಕು. ಅಲ್ಲಿ ಓಡುವ ತಂತಿ ಸಾಮಾನ್ಯವಾಗಿ 0.25 ಮಿ.ಮೀ. ದಪ್ಪ, ತಂತಿ ದುಂಡಗಿರುವುದರಿಂದ ಒಳಮೂಲೆ ಎಂದೂ ಸೂಜಿಯಷ್ಟು ಚೂಪಾಗುವುದಿಲ್ಲ. ನಾನು ಎಳೆದಿದ್ದ ಸೀಳುಗಳ ತುದಿ ಮಾತ್ರ ಸೂಜಿಯಷ್ಟೇ ಚೂಪಾಗಿತ್ತು. ಇನ್ನು ಕತ್ತರಿಸಿ ಬಿದ್ದ ಹಿತ್ತಾಳೆ ಸ್ಕ್ರ್ಯಾಪ್. ಹಿತ್ತಾಳೆಯ ಪಟ್ಟಿ ಕೊಳ್ಳುವಾಗ ಎಲೆಯಷ್ಟೇ ಲೋಹ ಕೊಡಿ ಎನ್ನಲಾಗುವುದಿಲ್ಲ. ಶಿಕ್ಷಕಿಯವರು ಉಳಿಯಿತು ಎಂದುಕೊಂಡಿದ್ದ ಲೋಹಕ್ಕೆ ದುಡ್ಡು ಆಗಲೇ ಬಿದ್ದಿರುತ್ತದೆ.

ದೊಡ್ಡ ಖರ್ಚು ಇದ್ದದ್ದು ಕೈಕೆಲಸದಲ್ಲಿ. ಕತ್ತರಿಸಿದ ಅಂಚಿನಲ್ಲಿ ಬರ್, ಅಂದರೆ ಲೋಹದ ಚೂಪು ಸಿಬಿರು ಏಳುತ್ತದೆ. ದುಂಡು ನಾಣ್ಯಗಳನ್ನು ಸಣ್ಣ ಕಲ್ಲುಗಳ ಜೊತೆ ಡ್ರಮ್ಮಿನಲ್ಲಿ ಹಾಕಿ ತಿರುಗಿಸಿದರೆ ಬಹುಪಾಲು ಹೋಗುತ್ತದೆ. ಎಲೆಯ ಸೀಳಿನೊಳಗೆ ಡ್ರಮ್ಮಿನ ಕಲ್ಲೂ ಹೋಗದು, ಹೊಳಪು ಕೊಡುವ ಬಫಿಂಗ್ ಚಕ್ರವೂ ಹೋಗದು. ಒಬ್ಬರು ಕೂತು ಅರದಿಂದ ಉಜ್ಜಬೇಕು. ಕರೆಂಟ್ ಹಾಯಿಸಿ ಲೋಹದ ಲೇಪ ಕೊಡುವ ಪ್ಲೇಟಿಂಗ್ ತೊಟ್ಟಿಯಲ್ಲೂ ಅದೇ ಪಾಡು: ಆಳದ ಮೂಲೆಗೆ ಕರೆಂಟ್ ಸರಿಯಾಗಿ ತಲುಪದೆ ಲೇಪ ತೆಳುವಾಗುತ್ತದೆ. ಪ್ಯಾಕಿಂಗ್ ಅಂತೂ ನನ್ನ ತಲೆಗೇ ಬಂದಿರಲಿಲ್ಲ. ದುಂಡು ನಾಣ್ಯಕ್ಕೆ ಸಿದ್ಧ ಪ್ಲಾಸ್ಟಿಕ್ ಕ್ಯಾಪ್ಸೂಲ್ ಸಿಗುತ್ತದೆ. ಎಲೆಯನ್ನು ಅದರಲ್ಲಿಟ್ಟರೆ ಗಡಗಡ ಅಲ್ಲಾಡುತ್ತದೆ.

ಟ್ರ್ಯಾಕಿಂಗ್ ಕೋಡಿನದು ಬೇರೆಯೇ ಕಥೆ. ಅದನ್ನು ಸಿಯಾಟಲ್‌ನ ಜಿಯೋಕ್ಯಾಶಿಂಗ್ ಸಂಸ್ಥೆಯಿಂದ ನಾಣ್ಯಕ್ಕೊಂದರಂತೆ ಕೊಳ್ಳಬೇಕು. ಅಚ್ಚು ಎಲ್ಲಕ್ಕೂ ಒಂದೇ ಚಿತ್ರ ಒತ್ತುತ್ತದೆ, ಕೋಡು ಮಾತ್ರ ಒಂದರಂತೆ ಇನ್ನೊಂದಿಲ್ಲ. ಹಾಗಾಗಿ ಲೇಸರ್‌ನಲ್ಲಿ ಒಂದೊಂದಾಗಿ ಕೊರೆಯಬೇಕು. ಸಾವಿರ ಮಾಡಿಸಿದರೂ ಈ ಖರ್ಚು ಅಷ್ಟಾಗಿ ಇಳಿಯುವುದಿಲ್ಲ. ಇಳಿಯುವುದು ಅಚ್ಚಿನದು ಮಾತ್ರ. ಅಚ್ಚು, ಪಂಚ್ ಎಲ್ಲ ಸೇರಿ 400 ಡಾಲರ್ ಎಂದಿಟ್ಟುಕೊಳ್ಳಿ. 50 ನಾಣ್ಯ ಮಾಡಿಸಿದರೆ ತಲಾ 8 ಡಾಲರ್, 100ಕ್ಕೆ 4, 250ಕ್ಕೆ 1.60, 500ಕ್ಕೆ 80 ಸೆಂಟ್. ನಮ್ಮ ಐದು ಪೈಸೆ ಚೌಕವಾಗಿತ್ತು, ಹತ್ತು ಪೈಸೆಗೆ ಹೂವಿನ ಎಸಳಿನಂಥ ಅಂಚಿತ್ತು, ಇಪ್ಪತ್ತು ಪೈಸೆಗೆ ಆರು ಮೂಲೆ, ಹಳೆಯ ಎರಡು ರೂಪಾಯಿಗೆ ಹನ್ನೊಂದು. ಟಂಕಸಾಲೆಯಲ್ಲಿ ಕೋಟಿಗಟ್ಟಲೆ ಒತ್ತುವಾಗ ಪಂಚಿನ ಖರ್ಚು ಲೆಕ್ಕಕ್ಕೇ ಸಿಗದು. ಜೊತೆಗೆ ಆ ನಾಣ್ಯಗಳ ಯಾವುದರ ಅಂಚೂ ಆಳವಾಗಿ ಒಳಕ್ಕೆ ನುಗ್ಗುವುದಿಲ್ಲ. ಅಮ್ಮನ ಹಳೆಯ ಡಬ್ಬಿಯಿಂದ ಹತ್ತು ಪೈಸೆ ತೆಗೆದು ಬೆರಳಾಡಿಸಿ ನೋಡಿದೆ. ಎಲ್ಲೂ ಉಗುರು ಸಿಕ್ಕಿಕೊಳ್ಳಲಿಲ್ಲ.

ಮರುದಿನ ನಮ್ಮ ಸಾಹೇಬರಿಗೆ ಹೇಳಿದೆ. "ತಪ್ಪು ನನ್ನದು ಸರ್, ಕಾರ್ಖಾನೆ ದರ ಬರೋ ಮೊದಲೇ ಕಳಿಸಿಬಿಟ್ಟೆ" ಅಂದೆ. ಅವರು ಹಾಳೆ ನೋಡಿ, "ಮೊದಲು ಅವರಿಗೆ ತಿಳಿಸ್ರೀ. ದುಡ್ಡಿನ ಮಾತು ಆಮೇಲೆ" ಅಂದರು. ನನ್ನ ಸಂಬಳದಿಂದ ಹಿಡಿಯುತ್ತಾರೇನೋ ಎಂದು ರಾತ್ರಿಯೆಲ್ಲ ನಿದ್ದೆ ಇರಲಿಲ್ಲ. ಆ ಮಾತನ್ನೇ ಅವರು ಎತ್ತಲಿಲ್ಲ. ಅದನ್ನು ನಾನು ಮರೆಯುವುದಿಲ್ಲ.

ಅಷ್ಟರಲ್ಲಿ ಕಾರ್ಖಾನೆಯವರು ಮೊದಲೇ ಮಾಡಿದ್ದ ಒಂದು ಬಣ್ಣವಿಲ್ಲದ ಸ್ಯಾಂಪಲ್ ಕೊರಿಯರ್‌ನಲ್ಲಿ ಬಂತು. ಕವರ್ ಬಿಡಿಸಿ ಅಂಗೈಯಲ್ಲಿಟ್ಟುಕೊಂಡೆ. ನರಗಳು ಎದ್ದು ಕಾಣುತ್ತಿದ್ದವು, ನಿಜಕ್ಕೂ ಚೆಂದ. ಎತ್ತಿ ಮೇಜಿನ ಮೇಲಿಡುವಾಗ ದುಪಟ್ಟಾದ ಒಂದು ಎಳೆ ಸೀಳಿಗೆ ಸಿಕ್ಕಿಕೊಂಡು ಉದ್ದಕ್ಕೆ ಎಳೆದು ಬಂತು. ದೀಪದ ಕೆಳಗೆ ಹಿಡಿದು ನೋಡಿದರೆ ಎರಡು ಹಾಲೆಗಳ ನಡುವಿನ ಮೂಲೆಯಲ್ಲಿ ಕೂದಲಿನಷ್ಟು ಬರ್ ಉಳಿದಿತ್ತು. ತೊಟ್ಟನ್ನು ಹೆಬ್ಬೆರಳಿಂದ ಒತ್ತಿ ನೋಡಿದೆ. ಬಾಗಿತು. 2 ಮಿ.ಮೀ. ಅಗಲದ ತೊಟ್ಟು ಪೆಟ್ಟಿಗೆಯಿಂದ ಪೆಟ್ಟಿಗೆಗೆ, ಬ್ಯಾಗಿನಲ್ಲಿ, ಜೇಬಿನಲ್ಲಿ ವರ್ಷಗಟ್ಟಲೆ ತಿರುಗಬೇಕಾದದ್ದು. ಮಕ್ಕಳು ಹಿಡಿಯುವಂಥದ್ದು. ದರದ ಮಾತು ಹಾಗಿರಲಿ, ಈ ನಾಣ್ಯವೇ ಬಾಳುವಂಥದ್ದಲ್ಲ ಎಂದು ಆಗ ಹೊಳೆಯಿತು.

ಶಿಕ್ಷಕಿಯವರಿಗೆ ಉದ್ದವಾಗಿ ಬರೆದೆ. ನಾನು ಎಲ್ಲಿ ತಪ್ಪಿದೆ, 290 ಎಲ್ಲಿಂದ ಬಂತು, ತೊಟ್ಟು ಹೇಗೆ ಬಾಗಿತು, ಎಲ್ಲವನ್ನೂ ಫೋಟೊ ಸಮೇತ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಒಂದು ಫೋಟೊ ಬಂತು: ಅಡುಗೆಮನೆಯ ಮೇಜಿನ ಮೇಲೆ ಒಣಗಿದ ಮೇಪಲ್ ಎಲೆ. ಒಣಗಿ ಸುರುಟಿಕೊಂಡಿದ್ದರಿಂದ ತೊಟ್ಟು ತಾನಾಗಿಯೇ ಮೇಲಕ್ಕೆ ಮಡಚಿ ಎಲೆಯ ಮೈಗೆ ಅಂಟಿಕೊಂಡಿತ್ತು. ಕೆಳಗೆ ಒಂದೇ ಸಾಲು, ಹೀಗೆ ಮಾಡಬಹುದೇ ಎಂದು.

ಮಾಡಬಹುದಿತ್ತು. ತೊಟ್ಟನ್ನು ಎಲೆಯ ಮೇಲೆಯೇ ಉಬ್ಬುಗೆರೆಯಾಗಿ ಮಲಗಿಸಿದೆ. ಸೀಳುಗಳನ್ನು ಅರ್ಧ ಆಳಕ್ಕೆ ನಿಲ್ಲಿಸಿ, ಉಳಿದ ಅರ್ಧವನ್ನು ತಗ್ಗು ಮಾಡಿ ಕಪ್ಪು ಎನಾಮಲ್ ತುಂಬುವಂತೆ ಬರೆದೆ. ದೂರದಿಂದ ನೋಡಿದರೆ ಸೀಳು ಅಲ್ಲಿಯವರೆಗೂ ಹೋದಂತೆಯೇ ಕಾಣುತ್ತದೆ. ಒಳಮೂಲೆಗಳನ್ನೆಲ್ಲ ಗೋಲು ಮಾಡಿದೆ. ನೂಲು ಹಿಡಿದೆ: 185 ಮಿ.ಮೀ.

ಲೋಹದ ವಿಚಾರದಲ್ಲಿ ಮಾತ್ರ ಜಗ್ಗಾಟ ಆಯಿತು. ಸತು ಮಿಶ್ರಲೋಹದಲ್ಲಿ ಎರಕ ಹೊಯ್ದರೆ ಆಕಾರ ಅಚ್ಚಿನಲ್ಲೇ ಬಂದುಬಿಡುತ್ತದೆ, ಪಂಚೇ ಬೇಡ. ರಂಧ್ರ ಬೇಕಾದರೂ ಸುಲಭ. ಸತುವಿನ ಈ ಮಿಶ್ರಣ 400 ಡಿಗ್ರಿ ಸೆಲ್ಸಿಯಸ್‌ನ ಒಳಗೇ ಕರಗುತ್ತದೆ, ಹಿತ್ತಾಳೆಗೆ 900 ದಾಟಬೇಕು. ಆದರೆ ಒತ್ತಿದ ಹಿತ್ತಾಳೆಯಲ್ಲಿ ನರಗಳು ಎಷ್ಟು ಚುರುಕಾಗಿ ಏಳುತ್ತವೋ ಎರಕದಲ್ಲಿ ಅಷ್ಟು ಏಳುವುದಿಲ್ಲ. ಒಳಗೆ ಗಾಳಿಗುಳ್ಳೆ ಉಳಿದರೆ ಪ್ಲೇಟಿಂಗ್ ಬೊಬ್ಬೆ ಏಳುತ್ತದೆ. ತೂಕವೂ ಹಗುರ. ಹಿತ್ತಾಳೆಯ ನಾಣ್ಯವನ್ನು ಮೇಜಿನ ಮೇಲೆ ಬೀಳಿಸಿದರೆ ಬರುವ ಠಣ್ ಎನ್ನುವ ದನಿ ಅದಕ್ಕಿಲ್ಲ. ನನ್ನ ಮನಸ್ಸು ಹಿತ್ತಾಳೆಯ ಕಡೆಗೇ ಇತ್ತು, ಹಾಗೆಂದೇ ಬರೆದೆ. ಆಕೆ ಎರಡರ ದರವನ್ನೂ ಕೇಳಿ, ಗುಂಪಿನವರ ಮುಂದಿಟ್ಟು, ಹಿತ್ತಾಳೆಯೇ ಇರಲಿ, ಎರಡು ಬಣ್ಣದ ಲೇಪ ಬೇಡ, ಒಂದೇ ಸಾಕು ಎಂದರು. 4.60ಕ್ಕೆ ನಿಂತಿತು. ಮೇಲಿನ 35 ಸೆಂಟನ್ನು, ಅಂದರೆ ಒಟ್ಟು 87 ಡಾಲರ್ 50 ಸೆಂಟನ್ನು, ನಮ್ಮ ಆಫೀಸು ಹೊತ್ತುಕೊಂಡಿತು.

ಎರಡನೇ ಸ್ಯಾಂಪಲ್ ಬಂದಾಗ ನಾನು ಮಾಡಿದ ಮೊದಲ ಕೆಲಸ ಹಳೆಯ ಕಾಟನ್ ಕರ್ಚೀಫನ್ನು ಅಂಚಿನ ಸುತ್ತ ಎಳೆದದ್ದು. ಒಂದು ಎಳೆಯೂ ಸಿಕ್ಕಿಕೊಳ್ಳಲಿಲ್ಲ. ಈಗ ಪ್ರತಿ ಸ್ಯಾಂಪಲಿಗೂ ಆ ಕರ್ಚೀಫು ಬರುತ್ತದೆ.

ನೂಲೂ ಹಾಗೆಯೇ ಉಳಿದಿದೆ. ಸುತ್ತಳತೆಯನ್ನು ಸಾಫ್ಟ್‌ವೇರ್ ಒಂದು ಕ್ಲಿಕ್ಕಿನಲ್ಲಿ ಹೇಳುತ್ತದೆ, ಹೊಸದಾಗಿ ಸೇರಿದ ಹುಡುಗರು ಅದನ್ನೇ ನೋಡುತ್ತಾರೆ, ತಪ್ಪೇನಿಲ್ಲ. ಆದರೆ ಪ್ರಿಂಟಿನ ಮೇಲೆ ನೂಲು ಕೂರಿಸುವಾಗ ಕೆಲವು ಮೂಲೆಗಳಲ್ಲಿ ಅದು ತಿರುಗಲು ಒಪ್ಪುವುದಿಲ್ಲ, ಎದ್ದೆದ್ದು ಬರುತ್ತದೆ. ಪಂಚ್ ಚಕ್ಕೆ ಏಳುವುದು, ಅರ ಒಳಗೆ ಹೋಗದಿರುವುದು, ಲೇಪ ತೆಳುವಾಗುವುದು ಹೆಚ್ಚಾಗಿ ಅದೇ ಮೂಲೆಗಳಲ್ಲಿ. ಆ ಜಾಗಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ದರ ಹೇಳುವ ಮೊದಲು ಗಿರಾಕಿಗೇ ಕಳಿಸುತ್ತೇನೆ.

ಹೋದ ವಾರ ಒಂದು ಆಕ್ಟೋಪಸ್ ಬಂದಿದೆ. ಎಂಟು ಕಾಲು, ಪ್ರತಿಯೊಂದರ ತುದಿಯೂ ಸುರುಳಿ, 100 ನಾಣ್ಯ ಮಾತ್ರ. ಒಂಬತ್ತು ಕೆಂಪು ಸುತ್ತುಗಳ ಜೊತೆ ಒಂದು ಪ್ರಶ್ನೆ ಬರೆದು ಕಳಿಸಿದ್ದೇನೆ: ಕಾಲುಗಳ ನಡುವಿನ ಜಾಗವನ್ನು ನೀಲಿ ಎನಾಮಲ್‌ನ ಸಮುದ್ರ ಮಾಡಿ, ಹೊರಗಿನ ಅಂಚನ್ನು ದುಂಡಗೆ ಬಿಟ್ಟರೆ ಒಪ್ಪಿಗೆಯೇ? ಉತ್ತರ ಇನ್ನೂ ಬಂದಿಲ್ಲ. ದರ ಹೇಳಿಲ್ಲ.